ಉಕ್ಕಡಗಾತ್ರಿ ನೆರೆಯ ಮಾದರಿ: ತ್ರೀಡಿ ಪ್ರಿಂಟ್‌ಗೆ ಮುನ್ನ ಡ್ರಾಯಿಂಗ್ ತಯಾರಿ ಹೇಗೆ?

ಉಕ್ಕಡಗಾತ್ರಿ: ತುಂಗಭದ್ರೆ ತುಂಬಿ ಬಂದರೆ ಸ್ನಾನಘಟ್ಟ, ಫತ್ತೇಪುರ ರಸ್ತೆ ಮುಳುಗೋದು ಇಲ್ಲಿನವರಿಗೆ ಹೊಸದಲ್ಲ. ಎಷ್ಟು ನೀರು ಏರಿದರೆ ಯಾವ ಅಂಗಡಿ ಬಾಗಿಲಿಗೆ ತಾಗುತ್ತೆ ಅನ್ನೋದನ್ನು ಮೇಜಿನ ಮೇಲೇ ತೋರಿಸಲು ತ್ರೀಡಿ ಪ್ರಿಂಟರ್‌ನಲ್ಲಿ ಚಿಕ್ಕ ಮಾದರಿ ಮಾಡಬಹುದು. ಆದರೆ ಕಂಪ್ಯೂಟರ್‌ನಲ್ಲಿ ಬರೆದ ಕ್ಯಾಡ್ ಡ್ರಾಯಿಂಗನ್ನು ಹಾಗೇ ನೂರು ಪಟ್ಟು ಕುಗ್ಗಿಸಿ ಕೊಟ್ಟರೆ ಕೆಲಸ ಕೆಡುತ್ತೆ.

ನೂರಕ್ಕೆ ಒಂದರ ಅಳತೆಯಲ್ಲಿ 1 ಮೀಟರ್ ಅಂದರೆ 1 ಸೆಂ.ಮೀ. 5 ಸೆಂ.ಮೀ. ದಪ್ಪದ ಕಂಬಿ ಅರ್ಧ ಮಿ.ಮೀ.ಗೆ ಇಳಿಯುತ್ತದೆ, ಸಾಮಾನ್ಯ ಪ್ರಿಂಟರ್‌ನ ಮೂತಿಯ ತೂತೇ 0.4 ಮಿ.ಮೀ. ಅಂಥ ಕಂಬಿ ಬಂದರೂ ಕೈ ತಾಗಿದರೆ ಮುರೀತದೆ. ಕಂಬಿ, ತಗಡಿನ ಚಾವಣಿಯನ್ನು ಒಂದೂವರೆ ಮಿ.ಮೀ. ದಪ್ಪ ಮಾಡಿಕೊಳ್ಳಿ. ಅಷ್ಟು ಸುಳ್ಳು ನಡೆಯುತ್ತೆ.

ಎತ್ತರದಲ್ಲಿ ಮಾತ್ರ ಸುಳ್ಳು ನಡೆಯಲ್ಲ. ರಸ್ತೆ, ಮೆಟ್ಟಿಲು, ಹೊಸ್ತಿಲುಗಳ ಮಟ್ಟವನ್ನೆಲ್ಲ ಒಂದೇ ಗುರುತಿನಿಂದ ಅಳೆದಿರಬೇಕು. ಹೊಸ್ತಿಲು 2 ಮಿ.ಮೀ. ಏರಿದರೂ ಊರಲ್ಲಿ 20 ಸೆಂ.ಮೀ. ತಪ್ಪಿದಂತೆ: ಮುಳುಗೋ ಅಂಗಡಿ ಮಾದರಿಯಲ್ಲಿ ಒಣಗೇ ಇರುತ್ತೆ! ನೆಲವನ್ನು ದಪ್ಪ ಮಾಡಬೇಕಿದ್ದರೆ ಕೆಳಮುಖವಾಗಿ ಮಾಡಿ.

ಬೋಲ್ಟು, ಕಾಂಕ್ರೀಟಿನೊಳಗಿನ ಸರಳುಗಳನ್ನು ಅಳಿಸಿ. ಒಂದರೊಳಗೊಂದು ಹೊಕ್ಕ ಭಾಗಗಳನ್ನು ಒಂದೇ ಗಟ್ಟಿ ತುಂಡಾಗಿ ಸೇರಿಸಿ. 22 ಸೆಂ.ಮೀ. ಹಾಸಿನ ಪ್ರಿಂಟರ್‌ನಲ್ಲಿ ಒಮ್ಮೆಗೆ 22 ಮೀಟರ್ ಜಾಗವಷ್ಟೇ ಹಿಡಿಸುತ್ತೆ, ಹಾಗಾಗಿ ಮಾದರಿಯನ್ನು ತುಂಡು ಮಾಡಲೇಬೇಕು. ಜೋಡಿಸುವ ಗೂಟ, ತೂತುಗಳನ್ನು ಕುಗ್ಗಿಸಿದ ಮೇಲೆ ಬರೆಯಿರಿ, ಸುತ್ತಲೂ 0.2 ಮಿ.ಮೀ. ಸಡಿಲ ಇರಲಿ.

ಎಸ್‌ಟಿಎಲ್ ಫೈಲ್‌ನಲ್ಲಿ ಅಂಕಿ ಮಾತ್ರ ಇರುತ್ತೆ, ಇಂಚೋ ಮಿ.ಮೀ.ಯೋ ಬರೆದಿರಲ್ಲ. ಅದಲುಬದಲಾದರೆ 25.4 ಪಟ್ಟು ವ್ಯತ್ಯಾಸ. ಮೊದಲು ನಾಲ್ಕು ಮೆಟ್ಟಿಲಿನ ತುಂಡೊಂದನ್ನು ತೆಗೆಸಿ, ಸ್ಕೇಲ್ ಹಿಡಿದು ನೋಡಿ, ಆಮೇಲೆ ಉಳಿದದ್ದಕ್ಕೆ ಹೇಳಿ.