ಹುಲಿ ಕಾಣದಿದ್ದರೂ ಮತ್ತೆ ಬರುವ ಗಿರಾಕಿ

ಇಡ್ಲಿ ಮಾರುವವನಿಗೆ ಇಡ್ಲಿ ಕೈಯಲ್ಲೇ ಇರುತ್ತದೆ. ಹಿಮವನ್ನೋ ಹುಲಿಯನ್ನೋ ನಂಬಿ ಲಾಡ್ಜ್ ನಡೆಸುವವನ ಗತಿ ಏನು?

1965ರಲ್ಲಿ ಹ್ಯಾನ್ಸ್ ಗ್ಮೋಸರ್ ಎಂಬಾತ ಕೆನಡಾದ ಬುಗಾಬೂ ಬೆಟ್ಟಗಳಿಗೆ ಸ್ಕೀಯಿಂಗ್ ಮಾಡುವವರನ್ನು ಹೆಲಿಕಾಪ್ಟರಿನಲ್ಲಿ ಒಯ್ಯತೊಡಗಿದ. 1968ರಲ್ಲಿ ಅಲ್ಲೇ ಲಾಡ್ಜೂ ಎದ್ದಿತು. ಆದರೆ ಮಂಜು ಕವಿದರೆ ಹೆಲಿಕಾಪ್ಟರ್ ಏಳೋದಿಲ್ಲ.

ನಮ್ಮ ಕಬಿನಿಯದೂ ಇದೇ ಕಥೆ. ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ ಹುಟ್ಟಿತು. ಕಾರಾಪುರದಲ್ಲಿ ಅದರ ಮೊದಲ ಲಾಡ್ಜನ್ನು ಬೆಳೆಸಿದವರು ಕರ್ನಲ್ ಜಾನ್ ವೇಕ್‌ಫೀಲ್ಡ್. 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು, ಅತಿಥಿಗಳಿಗೆಲ್ಲ ‘ಪಾಪಾ’.

ಹುಲಿ ಕಾಣದ ದಿನ ಜಿಂಕೆ ಯಾಕೆ ಕೂಗಿತು ಅಂತ ಹೇಳಬಲ್ಲ ಗೈಡ್ ಬೇಕು. ಬೇಸಿಗೆಯಲ್ಲಿ ಜಲಾಶಯ ಇಳಿದಾಗ ಹೊಸ ಹುಲ್ಲಿಗೆ ಬರುವ ಆನೆಹಿಂಡು ತೋರಿಸಬೇಕು. “ಹುಲಿ ಗ್ಯಾರಂಟಿ” ಎಂದುಬಿಟ್ಟರೆ ಡ್ರೈವರ್ ಜೀಪನ್ನು ಅದರ ಮೈಮೇಲೇ ಒಯ್ಯಬೇಕಾದೀತು. ಬೆದರಿದ ಹುಲಿ ಆ ಹಾದಿ ಬಿಟ್ಟರೆ ಬಂಡವಾಳವೇ ಹೋದಂತೆ.

ಕಾಮರ್ಸಿನಲ್ಲಿ ಇದಕ್ಕೆ ಗುಡ್‌ವಿಲ್ ಅಂತೀವಿ. ಕೊಂಡ ಗುಡ್‌ವಿಲ್ಲನ್ನು ಬ್ಯಾಲೆನ್ಸ್ ಶೀಟಿನಲ್ಲಿ ಬರೆಯಬಹುದು. ತಾನೇ ಗಳಿಸಿದ್ದನ್ನು ಬರೆಯೋ ಹಾಗಿಲ್ಲ. ಡೊಂಬಿವಲಿಯ ಹೋಟೆಲುಗಳಲ್ಲಿ ಗಲ್ಲೆ ಮೇಲೆ ಕೂತ ನಮ್ಮವರಿಗೆ ಇದು ಪುಸ್ತಕ ಓದದೆಯೇ ಗೊತ್ತು. ಸಾಂಬಾರು ಮುಗಿದಿದ್ದರೆ “ಮುಗಿದಿದೆ” ಅನ್ನಬೇಕು, ನೀರು ಬೆರೆಸಬಾರದು. ಗಿರಾಕಿ ನಾಳೆ ಬರುತ್ತಾನೆ.