ಬಟ್ಟೆಯ ಕೆಳಗೊಂದು ಕುಣಿಕೆಯಾಟ

ಮದುವೆಗಳಲ್ಲಿ ತಾಂಬೂಲದ ಜೊತೆ ಬರುವ ಚೀಲಗಳು ಈಗ ಎಲ್ಲರ ಮನೆಯ ಬಾಗಿಲ ಹಿಂದೆಯೂ ನೇತಾಡುತ್ತಿವೆ. ಅವುಗಳಲ್ಲಿ ಎಷ್ಟೋ ನೋಡಲು ಮಾತ್ರ ಬಟ್ಟೆ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಹರವಿ, ಬಿಸಿ ಕೊಟ್ಟು ಅಲ್ಲಲ್ಲಿ ಅಂಟಿಸಿದ ಹಾಳೆ ಅದು. ಹಾಸೂ ಇಲ್ಲ, ಹೊಕ್ಕೂ ಇಲ್ಲ. ಹಿಡಿಯನ್ನೂ ಹೊಲಿಯದೆ ಬೆಸೆದಿರುತ್ತಾರೆ. ಚೀಲವನ್ನೇ ಉಡುಗೊರೆಯಾಗಿ ಕೊಡುವ ಮನಸ್ಸಿದ್ದರೆ ಮನೆಯಲ್ಲೇ ಹೊಲಿಯುವುದು ಮೇಲು. ಒಂದು ಮೀಟರ್ ದಪ್ಪ ಹತ್ತಿ ಬಟ್ಟೆ, ಒಂದು ರೀಲು ದಾರ, ಬಿಡುವಿನ ಒಂದು ಮಧ್ಯಾಹ್ನ ಇದ್ದರಾಯಿತು. ಅಕ್ಕನ ಮಗಳ ಗೃಹಪ್ರವೇಶಕ್ಕೆಂದು ಈಚೆಗೆ ಅಂಥದ್ದೊಂದನ್ನು ಹೊಲಿದೆ. ಹೊಲಿಯುವವರ ಕಣ್ಣೆಲ್ಲ ಬಟ್ಟೆಯ ಮೇಲಿರುತ್ತದೆ. ಮಿಷಿನ್ನಿನ ಜಾಣತನವೆಲ್ಲ ಇರುವುದು ಬಟ್ಟೆಯ ಕೆಳಗೆ, ಉಕ್ಕಿನ ತಗಡಿನಡಿ.

ಕೈಹೊಲಿಗೆಯಲ್ಲಿ ಸೂಜಿ ಇಡಿಯಾಗಿ ಬಟ್ಟೆಯ ಆಚೆ ದಾಟಿ, ತಿರುಗಿ ಈಚೆ ಬರುತ್ತದೆ. ಹಿಂದೆ ದಾರವನ್ನು ಎಳೆದುಕೊಂಡು ಬರಲು ಕಣ್ಣು ಬುಡದಲ್ಲಿದ್ದರೆ ಸಾಕು. ಮಿಷಿನ್ನಿನ ಸೂಜಿಗೆ ಆ ಸ್ವಾತಂತ್ರ್ಯವಿಲ್ಲ. ಅದರ ಬುಡವನ್ನು ತಿರುಪು ಬಿಗಿದಿಟ್ಟಿದೆ, ಇಳಿದ ದಾರಿಯಲ್ಲೇ ಅದು ಏರಬೇಕು. ಅದಕ್ಕೇ ಕಣ್ಣನ್ನು ಮೊನೆಯ ಪಕ್ಕಕ್ಕೆ ತಂದರು. ನ್ಯೂಯಾರ್ಕಿನ ವಾಲ್ಟರ್ ಹಂಟ್ 1830ರ ದಶಕದಲ್ಲೇ ಇಂಥ ಸೂಜಿಯಿಟ್ಟು ಎರಡು ದಾರಗಳಲ್ಲಿ ಹೊಲಿಯುವ ಯಂತ್ರ ಮಾಡಿದ್ದ, ಪೇಟೆಂಟ್ ಮಾತ್ರ ಮಾಡಿಸಲಿಲ್ಲ. 1846ರಲ್ಲಿ ಎಲಿಯಾಸ್ ಹೋವ್ ಮಾಡಿಸಿಕೊಂಡ. 1851ರಲ್ಲಿ ಐಸಾಕ್ ಸಿಂಗರ್ ತನ್ನ ಯಂತ್ರ ತಂದ ಮೇಲೆ ಇಬ್ಬರೂ ಕೋರ್ಟು ಹತ್ತುವಂತಾಗಿ, ಕೊನೆಗೆ ಸಿಂಗರ್ ಹೋವ್‌ಗೆ ದುಡ್ಡು ಕಟ್ಟಬೇಕಾಯಿತು. ಪಾಪ, ಹಂಟ್! 1849ರಲ್ಲಿ ಸೇಫ್ಟಿ ಪಿನ್ನಿಗೆ ಪೇಟೆಂಟ್ ಪಡೆದವನೂ ಇವನೇ. ಅದನ್ನೂ ಚಿಲ್ಲರೆ ಕಾಸಿಗೆ ಮಾರಿಬಿಟ್ಟ.

ಮನೆಯಲ್ಲಿ ಹಳೆಯ ಕಪ್ಪು ಮಿಷಿನ್ ಇದ್ದರೆ ಸೂಜಿಯ ಪಕ್ಕದ ತಗಡನ್ನು ಸರಿಸಿ, ಪೆಡಲ್ ತುಳಿಯದೆ ಬಲಗಡೆಯ ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿ ನೋಡಿ. ಸೂಜಿ ದಾರದೊಡನೆ ಕೆಳಗಿಳಿಯುತ್ತದೆ. ತೀರಾ ತಳ ಮುಟ್ಟುವವರೆಗೂ ಏನೂ ಆಗುವುದಿಲ್ಲ. ಅಲ್ಲಿಂದ ಸುಮಾರು ಎರಡು ಮಿಲಿಮೀಟರ್ ಮೇಲೇರಿತೆನ್ನುವಾಗ ಸೂಜಿಯ ಒಂದು ಮಗ್ಗುಲಲ್ಲಿ ದಾರ ಉಬ್ಬಿ ಪುಟ್ಟ ಕುಣಿಕೆಯಾಗುತ್ತದೆ. ಸೂಜಿಯ ಒಂದು ಬದಿಯಲ್ಲಿ ಉದ್ದನೆಯ ತೋಡು ಇದೆ, ಆ ಕಡೆಯ ದಾರ ಅದರೊಳಗೆ ನಿರಾಳವಾಗಿ ಸರಿಯುತ್ತದೆ. ಇನ್ನೊಂದು ಬದಿಯ ದಾರವನ್ನು ಬಟ್ಟೆ ಒತ್ತಿ ಹಿಡಿದಿರುತ್ತದೆ. ಸೂಜಿ ಏರಿದರೂ ಆ ದಾರಕ್ಕೆ ಏರಲು ಬಿಡುವಿಲ್ಲ, ಪಕ್ಕಕ್ಕೆ ಉಬ್ಬದೆ ಬೇರೆ ದಾರಿಯಿಲ್ಲ. ಸರಿಯಾಗಿ ಆ ಗಳಿಗೆಗೆ ತಗಡಿನಡಿಯ ಶಟಲ್ಲಿನ ಕೊಕ್ಕೆ ಬಂದು ಕುಣಿಕೆಯೊಳಗೆ ತೂರುತ್ತದೆ.

ಒಗಟಿರುವುದು ಇನ್ನು ಮುಂದೆ. ಮೇಲಿನ ದಾರದ ತುದಿ ರೀಲಿನಲ್ಲಿದೆ, ಕೆಳಗಿನದು ಬಾಬಿನ್ನಿನಲ್ಲಿ. ಎರಡರ ತುದಿಯೂ ಬಿಡುವಾಗಿಲ್ಲದಿದ್ದರೆ ಒಂದು ಇನ್ನೊಂದನ್ನು ಸುತ್ತಿಕೊಳ್ಳುವುದು ಹೇಗೆ? ಕೊಕ್ಕೆ ಆ ಪುಟ್ಟ ಕುಣಿಕೆಯನ್ನು ಹಿಗ್ಗಿಸುತ್ತ ಹೋಗಿ, ಬಾಬಿನ್ನು ಕೂತ ಇಡೀ ಕೇಸಿನ ಮೇಲಿಂದ ದಾಟಿಸಿಬಿಡುತ್ತದೆ. ಅಂದರೆ ಪ್ರತಿ ಹೊಲಿಗೆಗೂ ಕೆಳದಾರದ ಉಂಡೆಗೆ ಉಂಡೆಯೇ ಮೇಲ್ದಾರದ ಕುಣಿಕೆಯೊಳಗೆ ನುಸುಳಿ ಬರುತ್ತದೆ. ಇದಾಗಬೇಕಾದರೆ ಕೇಸಿನ ಮುಂದೆ, ಹಿಂದೆ ಎರಡೂ ಕಡೆ ದಾರ ಜಾರುವಷ್ಟು ಸಂದಿರಬೇಕು. ಬಾಬಿನ್ ಕೇಸನ್ನು ಎಲ್ಲೂ ತಿರುಪು ಹಾಕಿ ಬಿಗಿಯದೆ ಸಡಿಲವಾಗಿ ಕೂರಿಸಿರುವುದರ ಗುಟ್ಟು ಇಷ್ಟೆ. ಕೊನೆಯಲ್ಲಿ, ಮಿಷಿನ್ನಿನ ಮುಂದುಗಡೆ ಏರಿಳಿಯುವ ದಾರದ ತೋಳು ಹೆಚ್ಚಾದ ದಾರವನ್ನೆಲ್ಲ ಮೇಲಕ್ಕೆಳೆದು ಹೊಲಿಗೆಯನ್ನು ಬಿಗಿಯುತ್ತದೆ.

ಬಾಬಿನ್ನನ್ನು ಸುತ್ತಲು ಕೆಳಗಿಳಿಯುವ ದಾರ ಬಹಳ, ಒಂದು ಹೊಲಿಗೆಗೆ ಖರ್ಚಾಗುವುದು ಕೆಲವೇ ಮಿಲಿಮೀಟರ್. ಮಿಕ್ಕದ್ದು ವಾಪಸ್ಸು. ಹೀಗಾಗಿ ದಾರದ ಒಂದೊಂದು ಭಾಗವೂ ಬಟ್ಟೆಯಲ್ಲಿ ನೆಲೆಯಾಗುವ ಮೊದಲು ಹತ್ತಾರು ಸಲ ಸೂಜಿಕಣ್ಣಿನಲ್ಲಿ ಮೇಲೆ ಕೆಳಗೆ ಉಜ್ಜಿಕೊಂಡಿರುತ್ತದೆ. ಅಗ್ಗದ ದಾರ ಮಿಷಿನ್ನಿನಲ್ಲಿ ನಾರುನಾರಾಗಿ ಹರಿಯುವುದು ಇದೇ ಕಾರಣಕ್ಕೆ. ದಪ್ಪ ಬಟ್ಟೆಗೆ ಸಪೂರ ಸೂಜಿ ಹಾಕಿದರೆ ಅದು ಬಾಗಿ, ಕೊಕ್ಕೆಗೆ ಕುಣಿಕೆ ತಪ್ಪಿ, ಹೊಲಿಗೆ ಅಲ್ಲಲ್ಲಿ ಬಿಟ್ಟುಹೋಗುತ್ತದೆ. ಕ್ಯಾನ್ವಾಸಿನಂಥ ಚೀಲದ ಬಟ್ಟೆಗೆ 16ನೇ ನಂಬರಿನ ಸೂಜಿ ಸರಿ.

ಎರಡು ದಾರಗಳ ಗಂಟು ಬಟ್ಟೆಯ ದಪ್ಪದ ನಡುವೆ ಅಡಗಿರಬೇಕು. ಕೆಳದಾರ ಚುಕ್ಕಿಚುಕ್ಕಿಯಾಗಿ ಮೇಲೆ ಇಣುಕಿದರೆ ಮೇಲಿನ ಟೆನ್ಷನ್ ಜಾಸ್ತಿಯಾಗಿದೆ. ಅಡಿಯಲ್ಲಿ ದಾರ ಗೋಜಲುಗೋಜಲಾದರೆ ಎಲ್ಲರೂ ಬಾಬಿನ್ನನ್ನೇ ಬೈಯುತ್ತಾರೆ, ತಪ್ಪು ಸಾಮಾನ್ಯವಾಗಿ ಮೇಲಿನದು. ಬಟ್ಟೆ ಒತ್ತುವ ಪಾದವನ್ನು ಕೆಳಗಿಳಿಸಿಯೇ ದಾರ ಪೋಣಿಸಿದರೆ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಇಳಿಯುವುದೇ ಇಲ್ಲ. ಪಾದ ಎತ್ತಿ ಪೋಣಿಸಬೇಕು. ಕೆಳದಾರದ ಬಿಗಿ ನೋಡಲು ಬಾಬಿನ್ ಕೇಸನ್ನು ಅದರ ದಾರದಿಂದಲೇ ತೂಗಬಿಟ್ಟು ಸಣ್ಣಗೆ ಜಗ್ಗಿ. ಒಂದಿಷ್ಟು ಜಾರಿ ನಿಂತರೆ ಸರಿಯಿದೆ. ಸರ್ರನೆ ನೆಲಕ್ಕಿಳಿದರೆ ಕೇಸಿನ ಪುಟ್ಟ ತಿರುಪನ್ನು ಕೂದಲೆಳೆಯಷ್ಟು ಬಿಗಿಯಬೇಕು.

ಅಕ್ಕಿ ಮೂಟೆಯ ಬಾಯಿಯ ಹೊಲಿಗೆ ಬೇರೆ ಜಾತಿಯದು. ಸರಿಯಾದ ತುದಿ ಕೈಗೆ ಸಿಕ್ಕರೆ ಸರಸರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅದು ಸರಪಳಿ ಹೊಲಿಗೆ, ಒಂದು ಕುಣಿಕೆಯನ್ನು ಅದರ ಮುಂದಿನ ಕುಣಿಕೆ ಹಿಡಿದಿರುತ್ತದೆ, ಅಷ್ಟೆ. 1830ರಲ್ಲಿ ಫ್ರಾನ್ಸಿನ ಬಾರ್ತೆಲೆಮಿ ಟಿಮೊನಿಯೆ ಪೇಟೆಂಟ್ ಪಡೆದ ಯಂತ್ರ ಹೊಲಿಯುತ್ತಿದ್ದುದೂ ಇದನ್ನೇ. ಅನ್ನ ಕಸಿಯುತ್ತದೆಂದು ಹೆದರಿದ ಪ್ಯಾರಿಸ್ಸಿನ ದರ್ಜಿಗಳು ಅವನ ಯಂತ್ರಗಳನ್ನು ಒಡೆದುಹಾಕಿದರು. ಮೂಟೆಗೆ ಸುಲಭವಾಗಿ ಬಿಚ್ಚುವುದೇ ಗುಣ, ಚೀಲಕ್ಕೆ ಅದೇ ದೋಷ. ನಮ್ಮ ಮಿಷಿನ್ನಿನ ಹೊಲಿಗೆಯಲ್ಲಿ ನಡುವೆ ಒಂದೆಡೆ ದಾರ ತುಂಡಾದರೂ ಅಕ್ಕಪಕ್ಕದ ಗಂಟುಗಳು ಜಾಗ ಬಿಡುವುದಿಲ್ಲ.

ಬಟ್ಟೆಯನ್ನು ಕತ್ತರಿಸುವ ಮೊದಲು ಒಗೆದು ಒಣಗಿಸಿ. ನೇಯುವಾಗ ಎಳೆದು ಬಿಗಿದಿದ್ದ ನೂಲು ನೀರು ಕಂಡಾಗ ಸಡಿಲಗೊಳ್ಳುತ್ತದೆ, ಎಳೆಗಳು ಉಬ್ಬಿ ಒಂದರ ಮೇಲೊಂದು ಹೆಚ್ಚು ಬಳುಕುತ್ತವೆ, ಬಟ್ಟೆ ಗಿಡ್ಡವಾಗುತ್ತದೆ. ಹೊಲಿದ ಮೇಲೆ ಬಟ್ಟೆ ಕುಗ್ಗಿ ಪಾಲಿಯೆಸ್ಟರ್ ದಾರ ಕುಗ್ಗದಿದ್ದರೆ ಅಂಚೆಲ್ಲ ನೆರಿಗೆ. ಹಿಡಿಯ ಪಟ್ಟಿಗಳನ್ನು ಹಾಸಿನ ಉದ್ದಕ್ಕೇ ಕತ್ತರಿಸಬೇಕು, ಓರೆಯಾಗಿ ಕತ್ತರಿಸಿದ್ದು ಭಾರಕ್ಕೆ ಜಗ್ಗುತ್ತದೆ.

ಚೀಲ ಸೋಲುವುದು ಹೆಚ್ಚಾಗಿ ಹಿಡಿ ಕೂಡಿದ ಕಡೆ. ಐದು ಕಿಲೋ ತುಂಬಿದರೆ ಹಿಡಿಗಳ ನಾಲ್ಕು ತುದಿಗಳಿಗೆ ತಲಾ ಒಂದೂಕಾಲು ಕಿಲೋ ಬೀಳುತ್ತದೆ, ಬಸ್ಸು ಹತ್ತುವಾಗ ಜಗ್ಗಿದರೆ ಇನ್ನೂ ಹೆಚ್ಚು. ತುದಿಗೆ ಒಂದೇ ಅಡ್ಡಸಾಲು ಹೊಲಿದರೆ ಅಷ್ಟೂ ಅದರ ಪಾಲಿಗೆ. ಅದರ ಬದಲು ಒಂದು ಚೌಕ ಹೊಲಿದು, ಒಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ಎಳೆತ ಚೌಕದ ತುಂಬ ಹಂಚಿಹೋಗುತ್ತದೆ. ಭದ್ರವಾಗಲೆಂದು ಹೊಲಿಗೆಯನ್ನು ತೀರಾ ಒತ್ತೊತ್ತಾಗಿ ಹಾಕಲು ಹೋಗಬೇಡಿ. ಪ್ರತಿ ಹೊಲಿಗೆಯೂ ಒಂದು ತೂತು, ತೂತುಗಳು ಹತ್ತಿರವಾದಷ್ಟೂ ಬಟ್ಟೆ ಅಂಚೆಚೀಟಿಯ ಹಾಳೆಯ ಹಾಗೆ ಅದೇ ಗೆರೆಯಲ್ಲಿ ಹರಿಯುತ್ತದೆ. ಎರಡೂವರೆಯಿಂದ ಮೂರು ಮಿಲಿಮೀಟರ್ ಸಾಕು, ಸಾಲಿನ ಕೊನೆಗೆ ಮೂರ್ನಾಲ್ಕು ಹೊಲಿಗೆ ಹಿಂದಕ್ಕೆ.