ವೆಬ್ ಪುಟಕ್ಕೆ ಚಿತ್ರ: ಯಾವ ಸಾಫ್ಟ್‌ವೇರ್ ಆರಿಸಬೇಕು?



ಕಂಪ್ಲಿ ತಾಲ್ಲೂಕಿನ ಮೆಟ್ರಿ ಗ್ರಾಮದ ವಿದ್ಯಾರ್ಥಿಗಳು ತಮ್ಮ ಊರನ್ನೂ ಸುತ್ತಲಿನ ಕಂಪ್ಲಿ, ಹೊಸಪೇಟೆ, ಸಂಡೂರು, ಹಂಪಿಗಳನ್ನೂ ಪರಿಚಯಿಸುವ ವೆಬ್ ಪುಟವೊಂದನ್ನು ರಚಿಸಲು ಹೊರಟಿದ್ದಾರೆ ಎಂದು ಭಾವಿಸೋಣ. ಬರಹ ಸಿದ್ಧವಾಗಿದೆ, ಇನ್ನು ಚಿತ್ರಗಳು ಬೇಕು. ಆಗ ಏಳುವ ಮೊದಲ ಪ್ರಶ್ನೆ: ಎಲ್ಲಕ್ಕಿಂತ ಒಳ್ಳೆಯ ಗ್ರಾಫಿಕ್ಸ್ ಸಾಫ್ಟ್‌ವೇರ್ ಯಾವುದು?

ಉಳಿ ಒಳ್ಳೆಯದೋ ಗರಗಸ ಒಳ್ಳೆಯದೋ ಎಂದು ಬಡಗಿಯನ್ನು ಕೇಳಿದರೆ, ‘ಕೆಲಸ ಏನು ಹೇಳಿ’ ಎನ್ನುತ್ತಾನೆ. ನಾವೂ ಅಲ್ಲಿಂದಲೇ ಆರಂಭಿಸಬೇಕು. ಈ ಪುಟಕ್ಕೆ ಬೇಕಾದವು ಮೂರು: ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಛಾಯಾಚಿತ್ರ, ಮೆಟ್ರಿಯಿಂದ ಹಂಪಿಗೆ ಹೋಗುವ ದಾರಿಯ ನಕ್ಷೆ, ಮತ್ತು ಕನ್ನಡದಲ್ಲಿ ಒಂದು ಅಂದವಾದ ಶೀರ್ಷಿಕೆ. ಕಂಪ್ಯೂಟರಿನ ಮಟ್ಟಿಗೆ ಇವು ಮೂರು ಬೇರೆ ಬೇರೆ ಕೆಲಸಗಳು.

ಚುಕ್ಕಿಗಳ ಚಿತ್ರ

ಛಾಯಾಚಿತ್ರವೆಂದರೆ ಬಣ್ಣದ ಚುಕ್ಕಿಗಳ ರಾಶಿ. ಈ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ಅಡ್ಡಕ್ಕೆ 4000, ಉದ್ದಕ್ಕೆ 3000 ಪಿಕ್ಸೆಲ್‌ಗಳಿದ್ದರೆ ಒಟ್ಟು 1 ಕೋಟಿ 20 ಲಕ್ಷ. ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ಬೈಟ್‌ನಂತೆ ಲೆಕ್ಕ ಹಾಕಿದರೆ 3 ಕೋಟಿ 60 ಲಕ್ಷ ಬೈಟ್‌ಗಳಾಗುತ್ತವೆ. ಜೆಪೆಗ್ ವಿಧಾನವು ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಬಿಟ್ಟು ಇದನ್ನು ಕುಗ್ಗಿಸುತ್ತದೆ. ಕುಗ್ಗಿದ ಚಿತ್ರ 4 ಮೆಗಾಬೈಟ್ ಇದೆಯೆಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ 1 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಅದು ಬಂದು ಸೇರಲು ಸುಮಾರು 32 ಸೆಕೆಂಡು ಹಿಡಿಯುತ್ತದೆ. ಅದನ್ನೇ 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ 200 ಕಿಲೋಬೈಟ್ ಮಾಡಿದರೆ 2 ಸೆಕೆಂಡಿನೊಳಗೆ ಬರುತ್ತದೆ. ಮೊಬೈಲಿನ ಪರದೆಯ ಮೇಲೆ ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುವುದು ಕಷ್ಟ.

ಈ ಕೆಲಸಕ್ಕೆ ಎಲ್ಲರಿಗೂ ಗೊತ್ತಿರುವ ಹೆಸರು ಫೋಟೋಶಾಪ್. ಅದು 1990ರಲ್ಲಿ ಬಂದಿತು. 2013ರಿಂದ ಅದರ ಹೊಸ ಆವೃತ್ತಿಗಳಿಗೆ ಚಂದಾ ಕಟ್ಟಬೇಕು. ಹಣವಿಲ್ಲವೆಂದು ಕದ್ದ ಪ್ರತಿ ಹಾಕಿಕೊಂಡರೆ ಅದರೊಡನೆ ವೈರಸ್ಸೂ ಬರಬಹುದು. ಆ ದಾರಿ ಬೇಡ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಆರಂಭಿಸಿದ ಗಿಂಪ್ ಉಚಿತವಾಗಿದೆ, ಮುಕ್ತವಾಗಿದೆ. ಚಿತ್ರ ಕತ್ತರಿಸುವುದು, ಅಳತೆ ಇಳಿಸುವುದು, ಬೆಳಕು ತಿದ್ದುವುದು ಇವಿಷ್ಟೇ ನಮಗೆ ಬೇಕಾದುದು. ಅದಕ್ಕೆ ಗಿಂಪ್ ಧಾರಾಳವಾಗಿ ಸಾಕು.

ಗೆರೆಗಳ ಚಿತ್ರ

ನಕ್ಷೆಯ ವಿಷಯ ಬೇರೆ. ಚುಕ್ಕಿಗಳಲ್ಲಿ ಬರೆದ ನಕ್ಷೆಯನ್ನು ಹಿಗ್ಗಿಸಿದರೆ ರಸ್ತೆಯ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ವೆಕ್ಟರ್ ಚಿತ್ರದಲ್ಲಾದರೋ ಕಂಪ್ಯೂಟರ್ ನೆನಪಿಡುವುದು ಚುಕ್ಕಿಗಳನ್ನಲ್ಲ, ‘ಇಲ್ಲಿಂದ ಅಲ್ಲಿಗೆ ಇಷ್ಟು ದಪ್ಪದ ಗೆರೆ’ ಎಂಬ ಸೂತ್ರವನ್ನು. ಎಷ್ಟು ಹಿಗ್ಗಿಸಿದರೂ ತುಂಗಭದ್ರೆಯ ತಿರುವು ನುಣುಪಾಗಿಯೇ ಇರುತ್ತದೆ. ಮುದ್ರಣಾಲಯ, ಬ್ಯಾನರ್ ಅಂಗಡಿಗಳಲ್ಲಿ ನೀವು ಕಂಡಿರುವ ಕೋರೆಲ್‌ಡ್ರಾ ಈ ಜಾತಿಯದು. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್ 2003ರಲ್ಲಿ ಆರಂಭವಾಯಿತು. ವೆಬ್‌ಗೆಂದೇ 2001ರಲ್ಲಿ ಮಾನ್ಯತೆ ಪಡೆದ ಎಸ್‌ವಿಜಿ ಎಂಬ ರೂಪದಲ್ಲಿಯೇ ಅದು ಚಿತ್ರವನ್ನು ಉಳಿಸುತ್ತದೆ.

ಅಕ್ಷರದ ಪರೀಕ್ಷೆ

ನಮ್ಮ ಮಟ್ಟಿಗೆ ನಿಜವಾದ ಪರೀಕ್ಷೆ ಇರುವುದು ಇಲ್ಲಿ. ‘ಮೆಟ್ರಿ’ ಎಂಬ ಹೆಸರನ್ನೇ ನೋಡಿ. ನಮ್ಮ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಮಾತ್ರ ಅದು ಆರು ಸಂಕೇತಗಳ ಸಾಲು: ಮ, ಎತ್ವ, ಟ, ವಿರಾಮ, ರ, ಗುಡಿಸು. ಇವನ್ನು ಜೋಡಿಸಿ, ಕೊನೆಯ ಗುಡಿಸನ್ನು ಹಿಂದಕ್ಕೆ ಒಯ್ದು ಟಕಾರಕ್ಕೆ ಹಚ್ಚಿ, ರಕಾರವನ್ನು ಒತ್ತಕ್ಷರವಾಗಿ ಕೆಳಗಿಡುವ ಕೆಲಸ ಸಾಫ್ಟ್‌ವೇರಿನದು. ಆ ಬುದ್ಧಿ ಇಲ್ಲದ ಸಾಫ್ಟ್‌ವೇರಿನಲ್ಲಿ ‘ಮೆಟ್‌ರಿ’ ಎಂದು ಮೂಡುತ್ತದೆ. ಕಂಪ್ಲಿಗೂ ಇದೇ ಗತಿ. ಊರಿನ ಹೆಸರೇ ಕೆಟ್ಟ ಮೇಲೆ ಉಳಿದ ಸೊಗಸು ಯಾರಿಗೆ ಬೇಕು?

ಗಿಂಪ್ ಮತ್ತು ಇಂಕ್‌ಸ್ಕೇಪ್‌ಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಕೂಡುತ್ತಿರಲಿಲ್ಲ. ಹೊಸ ಆವೃತ್ತಿಗಳಲ್ಲಿ ಕೂಡುತ್ತವೆ, ಆದರೆ ಅಕ್ಷರ ತಪ್ಪಾಗಿ ಬಂದರೆ ಭಾರತೀಯ ಲಿಪಿಗಳಿಗೆ ಬೇಕಾದ ಆಯ್ಕೆಯನ್ನು ಅದರಲ್ಲಿ ಹುಡುಕಿ ಗುರುತು ಮಾಡಬೇಕಾಗುತ್ತದೆ. ಹಿಂದೆ ಇದಕ್ಕೆ ಉಪಾಯವಾಗಿ ಬಂದದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್‌ಗಳು. ಅವುಗಳಲ್ಲಿ ಬರೆದುದನ್ನು ವೆಬ್ ಪುಟಕ್ಕೆ ತಂದರೆ, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಷ್ಟೇ ಕಾಣುತ್ತವೆ.

ಇನ್ನೊಂದು ಮಾತನ್ನು ಮುಖ್ಯವಾಗಿ ಗಮನಿಸಬೇಕು. ಪರೀಕ್ಷೆಯ ದಿನಾಂಕ, ವಿದ್ಯಾರ್ಥಿವೇತನದ ಸೂಚನೆಗಳನ್ನು ಬಣ್ಣದ ಚಿತ್ರವಾಗಿ ಮಾಡಿ ಹಾಕುವ ರೂಢಿ ಬೆಳೆದಿದೆ. ಚಿತ್ರದೊಳಗಿನ ಅಕ್ಷರ ಕಂಪ್ಯೂಟರಿಗೆ ಬರೀ ಚುಕ್ಕಿ. ಕಣ್ಣು ಕಾಣದ ವಿದ್ಯಾರ್ಥಿಗೆ ಪುಟವನ್ನು ಓದಿ ಹೇಳುವ ಸಾಫ್ಟ್‌ವೇರ್ ಅಲ್ಲಿ ಸುಮ್ಮನಾಗಿಬಿಡಬಹುದು. ಕೊನೆಯ ದಿನಾಂಕ ಅವನಿಗೆ ತಿಳಿಯದೆಯೇ ಕಳೆದುಹೋದೀತು. ಆದ್ದರಿಂದ ಶೀರ್ಷಿಕೆಯ ಅಲಂಕಾರವಷ್ಟೇ ಚಿತ್ರವಾಗಿರಲಿ, ಸುದ್ದಿ ಯೂನಿಕೋಡ್ ಬರಹವಾಗಿಯೇ ಇರಲಿ. ಪ್ರತಿ ಚಿತ್ರಕ್ಕೂ ‘ಆಲ್ಟ್’ ಎಂಬ ಜಾಗದಲ್ಲಿ ಕನ್ನಡದ ಒಂದು ಸಾಲಿನ ವಿವರಣೆ ಬರೆಯಿರಿ.

ನಾಳೆಯೂ ತೆರೆಯಬೇಕು

ವೆಬ್ ಚಿತ್ರಗಳಿಗೆಂದೇ 1998ರಲ್ಲಿ ಬಂದ ಫೈರ್‌ವರ್ಕ್ಸ್‌ನ ಅಭಿವೃದ್ಧಿ 2013ರಲ್ಲಿ ನಿಂತಿತು. ಚಲಿಸುವ ಚಿತ್ರಗಳಿಗೆ ಒಮ್ಮೆ ಎಲ್ಲರೂ ನಂಬಿದ್ದ ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31ರಂದು ಬೆಂಬಲ ಕೊನೆಗೊಂಡಿತು. ಅದರಲ್ಲಿ ಮಾಡಿದ ಎಷ್ಟೋ ಪಾಠಗಳು ಇಂದು ಬ್ರೌಸರಿನಲ್ಲಿ ತೆರೆಯುವುದೇ ಇಲ್ಲ. ಸಾಫ್ಟ್‌ವೇರ್ ನಿಂತರೂ ನಮ್ಮ ಕೆಲಸ ಉಳಿಯಬೇಕಾದರೆ ಅದನ್ನು ಜೆಪೆಗ್, ಪಿಎನ್‌ಜಿ, ಎಸ್‌ವಿಜಿ ಮುಂತಾದ ಎಲ್ಲರೂ ತೆರೆಯಬಲ್ಲ ರೂಪಗಳಲ್ಲಿಯೂ ಉಳಿಸಬೇಕು. ಕುಗ್ಗಿಸುವ ಮೊದಲಿನ ಮೂಲ ಚಿತ್ರವನ್ನು ಬೇರೆಯಾಗಿ ಕಾಪಾಡಬೇಕು. ಒಮ್ಮೆ ಬಿಟ್ಟುಹೋದ ವಿವರ ಮತ್ತೆ ಬರುವುದಿಲ್ಲ.

ಮಾಡಿ ನೋಡಿ

ಯಾವುದೇ ಗ್ರಾಫಿಕ್ಸ್ ಸಾಫ್ಟ್‌ವೇರ್ ಕೈಗೆ ಸಿಕ್ಕಾಗ ಮೊದಲು ಈ ಐದು ಪದಗಳನ್ನು ಬರೆಯಿರಿ: ಮೆಟ್ರಿ, ಕಂಪ್ಲಿ, ವಿಠ್ಠಲ, ಸೂರ್ಯ, ರಾಷ್ಟ್ರ. ಒತ್ತು, ಅರ್ಕಾವತ್ತುಗಳು ತಮ್ಮ ತಮ್ಮ ಜಾಗದಲ್ಲಿ ಕುಳಿತರೆ ಮುಂದುವರಿಯಿರಿ. ಬಳಿಕ ನಿಮ್ಮ ಊರಿನ ಒಂದು ಛಾಯಾಚಿತ್ರವನ್ನು 200 ಕಿಲೋಬೈಟ್‌ಗೆ ಇಳಿಸಿ, ಮೂಲದೊಡನೆ ಹೋಲಿಸಿ ನೋಡಿ. ಯಾವ ಸಾಫ್ಟ್‌ವೇರ್ ಬೇಕು, ಯಾವುದು ಬೇಡ ಎಂಬುದನ್ನು ಆಗ ನೀವೇ ಹೇಳಬಲ್ಲಿರಿ.